ಆ ರಾಗ ಲೂಚಿಯಾಳದು

‘ಸಂಜೆ ಬಸ್ಸು’ ಹಾಡಿನ ರಾಗ ನನ್ನದಲ್ಲ. ನಮ್ಮ ಕನ್ನಡ ಕೂಟದಲ್ಲಿ ನೀವೆಲ್ಲ ಇಪ್ಪತ್ತು ವರ್ಷಗಳಿಂದ ಹಾಡುತ್ತಿರುವ, ಮಕ್ಕಳಿಗೆ ಕಲಿಸುತ್ತಿರುವ, ಪ್ರತಿ ಸಲವೂ ಮೈಕಿನಲ್ಲಿ ‘ರಾಗ ಸಂಯೋಜನೆ ವಸುಧಾ’ ಎಂದು ಹೇಳಿ ಚಪ್ಪಾಳೆ ತಟ್ಟುವ ಆ ಹಾಡಿನ ರಾಗವನ್ನು ನಾನು ಕದ್ದೆ. ಯಾರದನ್ನು ಕದ್ದೆನೋ ಅವಳು ಅದರಿಂದ ಏನು ಕಳೆದುಕೊಂಡಳೆಂಬುದೂ ನನಗೆ ಗೊತ್ತು. ಗೊತ್ತಿದ್ದೂ ಸುಮ್ಮನಿದ್ದೆ — ಅದು ಎರಡನೆಯ ತಪ್ಪು, ಬಹುಶಃ ಮೊದಲನೆಯದಕ್ಕಿಂತ ದೊಡ್ಡದು.

ಈ ಸಲದ ಸ್ಮರಣ ಸಂಚಿಕೆಗೆ ಆ ಹಾಡು ಹುಟ್ಟಿದ ಕಥೆಯನ್ನು ಬರೆದುಕೊಡಿ ಎಂದು ಸಂಪಾದಕರು ಕೇಳಿದ್ದಾರೆ. ಬರೆಯುತ್ತಿದ್ದೇನೆ.

ನನ್ನ ಗಂಡ ಪ್ರಕಾಶ್, ಕಂಪ್ಯೂಟರ್ ಕೆಲಸದವರಿಗೆ ಜರ್ಮನಿ ಆಗ ಕೊಡುತ್ತಿದ್ದ ಗ್ರೀನ್ ಕಾರ್ಡಿನ ಮೇಲೆ, ಇಲ್ಲಿನ ಹರ್ಟ್ಸೋಗೆನಾವ್‌ರಾಕ್‌ಗೆ ಬಂದ ಕಾಲವದು. ಹಾಗೆ ಬಂದವರ ಹೆಂಡತಿಯರಿಗೆ ಕೂಡಲೇ ಕೆಲಸ ಮಾಡುವ ಅನುಮತಿ ಇರಲಿಲ್ಲ. ಮೈಸೂರಿನಲ್ಲಿ ನಾನು ಸುಗಮ ಸಂಗೀತ ಹಾಡುತ್ತಿದ್ದೆ, ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಇಲ್ಲಿ ಬರೀ ಪ್ರಕಾಶನ ಮಿಸೆಸ್. ಲೂಚಿಯಾ ಸಿಕ್ಕಿದ್ದು ವೀಸಾ ವಿಸ್ತರಣೆಗೆಂದು ವಿದೇಶಿಯರ ಕಚೇರಿಯಾದ ಔಸ್‌ಲೆಂಡರ್‌ಆಮ್ಟ್‌ನಲ್ಲಿ ಕಾಯುತ್ತಾ ಕೂತಿದ್ದಾಗ. ಮಾಲ್ಟಾ ದ್ವೀಪದವಳು. ಅವಳ ದೇಶ ಆಗಿನ್ನೂ ಯುರೋಪಿನ ಒಕ್ಕೂಟಕ್ಕೆ ಸೇರಿರಲಿಲ್ಲ, ಹಾಗಾಗಿ ಅವಳೂ ನನ್ನ ಹಾಗೆ ಟೋಕನ್ ಹಿಡಿದು ಕೂತಿದ್ದಳು. ಅವಳಿಗೆ ಇಂಗ್ಲಿಷ್ ಬರುತ್ತಿತ್ತು, ಇಬ್ಬರಿಗೂ ಜರ್ಮನ್ ಬರುತ್ತಿರಲಿಲ್ಲ. ಸ್ನೇಹಕ್ಕೆ ಅಷ್ಟು ಸಾಕಾಯಿತು.

“ನಿನ್ನ ಮೈಸೂರಿನಲ್ಲಿರುವಷ್ಟು ಜನ ನನ್ನ ಇಡೀ ದೇಶದಲ್ಲಿ ಇಲ್ಲ. ಆದರೂ ವರ್ಷಕ್ಕೊಂದು ಸಂಜೆ ಯುರೋಪೆಲ್ಲ ನಮ್ಮ ಹಾಡು ಕೇಳುತ್ತೆ, ಗೊತ್ತಾ?” ಎಂದಿದ್ದಳು ಆ ದಿನ.

ಅವಳು ಹೇಳುತ್ತಿದ್ದುದು ಯೂರೋವಿಷನ್ ವಿಷಯ. ಒಂದೊಂದು ದೇಶ ಒಂದೊಂದು ಹೊಸ ಹಾಡು ಕಳಿಸಿ ಟಿವಿಯಲ್ಲಿ ಸ್ಪರ್ಧಿಸುತ್ತದೆ, ಜನ ಫೋನ್ ಮಾಡಿ ಬೇರೆ ದೇಶದ ಹಾಡಿಗೆ ಮತ ಹಾಕುತ್ತಾರೆ. ಮಾಲ್ಟಾ ಒಮ್ಮೆಯೂ ಗೆದ್ದಿರಲಿಲ್ಲ. ಆದರೂ ಆ ಸಂಜೆ ಅವಳ ಊರಿನ ಬೀದಿಗಳು ಖಾಲಿಯಂತೆ. ದೊಡ್ಡ ದೇಶಗಳು ತಮಾಷೆಗೆಂಬಂತೆ ಏನನ್ನೋ ಕಳಿಸಿದರೂ ಇವರು ಮಾತ್ರ — ಯಾವ ಹಾಡು, ಯಾರು ಹಾಡಬೇಕು, ಯಾವ ಉಡುಪು ಎಂದು — ತಿಂಗಳುಗಟ್ಟಲೆ ಜಗಳವಾಡುತ್ತಾರಂತೆ. ಮೊದಮೊದಲು ನನಗೆ ನಗು ಬರುತ್ತಿತ್ತು. ಆಮೇಲೆ ಒಂದು ಬಗೆಯ ಹೊಟ್ಟೆಕಿಚ್ಚು. ಸೋಲನ್ನು ಅಷ್ಟು ಪ್ರೀತಿಯಿಂದ ಪ್ರತಿವರ್ಷ ಎದುರುಗೊಳ್ಳುವ ಜನರನ್ನು ನಾನು ನೋಡಿರಲಿಲ್ಲ.

ಲೂಚಿಯಾ ತಾನೂ ರಾಗ ಕಟ್ಟುತ್ತಿದ್ದಳು. ಅಡುಗೆಮನೆಯಲ್ಲಿ ಇಸ್ತ್ರಿ ಮಾಡುವ ಹಲಗೆಯ ಮೇಲೆ ಪುಟ್ಟ ಕೀಬೋರ್ಡ್ ಇಟ್ಟುಕೊಂಡು ನುಡಿಸುವಳು. ದೇಶದೊಳಗಿನ ಆಯ್ಕೆಗೆ ಹಲವು ಸಲ ಹಾಡು ಕಳಿಸಿದ್ದಳು, ಯಾವುದೂ ಆಯ್ಕೆಯಾಗಿರಲಿಲ್ಲ. ಆ ಬೇಸಿಗೆಯಲ್ಲಿ ಅವಳಿಗೊಂದು ರಾಗ ಹೊಳೆಯಿತು. ಅದನ್ನು ಮೊದಲು ಕೇಳಿದವಳು ನಾನು. ಇಂಥದ್ದೊಂದನ್ನು ನಾನು ಜನ್ಮದಲ್ಲಿ ಕಟ್ಟಲಾರೆ ಎಂದು ಗೊತ್ತಾಯಿತು. ಅವಳು “ಹಾಡು, ಹಾಡು” ಎಂದು ಒತ್ತಾಯಿಸಿ ನನ್ನ ಗಂಟಲಿಗೂ ಅದನ್ನು ಕಲಿಸಿದಳು — ಬೇರೆಯವರ ಬಾಯಲ್ಲಿ ಹೇಗೆ ಕೇಳುತ್ತದೋ ನೋಡಬೇಕಂತೆ.

ಅದೇ ವರ್ಷ ರಾಜ್ಯೋತ್ಸವಕ್ಕೆ ಪ್ರಕಾಶನ ಗೆಳೆಯ ಗಿರೀಶ ಒಂದು ಕವಿತೆ ಬರೆದ. ಊರಿಗೆ ಹೋಗುವ ಸಂಜೆ ಬಸ್ಸಿನ ಕವಿತೆ. “ಅತ್ತಿಗೆ, ನೀವೇ ಇದಕ್ಕೆ ಟ್ಯೂನ್ ಹಾಕ್ಬೇಕು, ಇಡೀ ಫ್ರಾಂಕನ್ ಏರಿಯಾದಲ್ಲಿ ಸಿಂಗರ್ ಅಂದ್ರೆ ನೀವೊಬ್ರೇ” ಎಂದ. ಆ ಮಾತು ನನಗೆ ಎಷ್ಟು ಹಿತವಾಯಿತೆಂದರೆ... ಎರಡು ವಾರ ಕೂತೆ. ಕಟ್ಟಿದ್ದೆಲ್ಲ ಹಳಸಲು. ಒಂದು ದಿನ ಪಾತ್ರೆ ತೊಳೆಯುವಾಗ ಗಿರೀಶನ ಸಾಲುಗಳು ಲೂಚಿಯಾಳ ರಾಗದೊಳಗೆ ತಾವಾಗಿಯೇ ಕೂತವು. ತಾವಾಗಿಯೇ ಎಂದೆನಲ್ಲ, ಅದು ಸುಳ್ಳು. ನಾನೇ ಕೂರಿಸಿದೆ.

ನ್ಯೂರೆನ್‌ಬರ್ಗ್‌ನ ಸಭಾಂಗಣದಲ್ಲಿ ಹಾಡಿದೆ. ಹಾಡು ಮುಗಿದಾಗ ಕೆಲವರು ಅಳುತ್ತಿದ್ದರು. ಅಲ್ಲಿ ದಶಕಗಳಿಂದ ನೆಲೆಸಿದ್ದ ಹಿರಿಯ ವೈದ್ಯರೊಬ್ಬರು ವೇದಿಕೆಯ ಹತ್ತಿರ ಬಂದು ನನ್ನ ಕೈ ಹಿಡಿದು ಕೇಳಿದರು: “ರಾಗ ಯಾರದಮ್ಮಾ?”

“ನಂದೇ.”

ಒಂದೇ ಮಾತು. ಹೇಳುವಾಗ ನಾಲಿಗೆ ತೊದಲಲಿಲ್ಲ.

ಗಿರೀಶ ಆ ಹಾಡನ್ನು ಸೀಡಿ ಮಾಡಿ ಎಲ್ಲರಿಗೂ ಹಂಚಿದ, ತನ್ನ ವೆಬ್‌ಸೈಟಿನಲ್ಲೂ ಹಾಕಿದ. ಸ್ವಲ್ಪ ದಿನಕ್ಕೆ ಲೂಚಿಯಾಳ ಫೋನ್. ಆ ರಾಗಕ್ಕೆ ಪದ ಹಾಕಿ ಅವಳು ಕಳಿಸಿದ್ದ ಹಾಡು ಮಾಲ್ಟಾದ ಆಯ್ಕೆಯ ಪಟ್ಟಿಗೆ ಸೇರಿದೆ! ಅವಳ ಚಿಕ್ಕಪ್ಪನ ಮಗಳು ಟಿವಿಯಲ್ಲಿ ಹಾಡುತ್ತಾಳೆ, ಅಲ್ಲಿ ಗೆದ್ದರೆ ಇಡೀ ಯುರೋಪಿನ ಮುಂದೆ. ನಗುತ್ತಾ, ಅಳುತ್ತಾ ಮಾತಾಡಿದಳು. ಕೊನೆಗೆ ಕೇಳಿದಳು: “ಹಾಡು ಹೊಸದಾಗಿರಬೇಕು, ಎಲ್ಲೂ ಹೊರಗೆ ಬಂದಿರಬಾರದು ಅಂತ ನಿಯಮ ಇದೆ. ನನ್ನ ಅಡುಗೆಮನೆ ಬಿಟ್ಟು ನೀನು ಎಲ್ಲೂ ಹಾಡಿಲ್ಲ ತಾನೇ?”

“ಇಲ್ಲ” ಎಂದೆ.

ಅವಳು ನಂಬಿ, ಹಾಡು ಹೊಸದೆಂಬ ಪತ್ರಕ್ಕೆ ಸಹಿ ಹಾಕಿ ಕಳಿಸಿದಳು.

ಸಂಕ್ರಾಂತಿಗೆ ಅವಳನ್ನು ಎಳ್ಳುಬೆಲ್ಲಕ್ಕೆ ಕರೆದಿದ್ದೆ. ಅವಳು ಸೋಫಾದ ಮೇಲೆ ಕೂತು ಕೊಬ್ಬರಿ ಚೂರನ್ನು ಬಾಯಿಗಿಡುತ್ತಿದ್ದಾಗ ಗಿರೀಶ ಬಂದ. ಬಾಗಿಲಲ್ಲೇ ಶುರು. “ಅತ್ತಿಗೆ, ಸಾಂಗ್ ಸೂಪರ್ ಹಿಟ್! ಬೆಂಗ್ಳೂರಿಂದೆಲ್ಲ ಮೇಲ್ ಬರ್ತಿದೆ!” ಎನ್ನುತ್ತಾ ಶೂ ಬಿಚ್ಚುತ್ತಲೇ ಎರಡು ಸಾಲು ಹಾಡಿದ. ಲೂಚಿಯಾಳ ಕೈ ನಿಂತಿತು.

“ಚೆನ್ನಾಗಿದೆ” ಎಂದಳು ಅವನಿಗೆ, ಇಂಗ್ಲಿಷಿನಲ್ಲಿ, ತುಂಬ ಮೆಲ್ಲಗೆ. “ಇದನ್ನು ಯಾವಾಗ ಹಾಡಿದ್ದು?”

“ನವೆಂಬರಲ್ಲಿ! ಟ್ಯೂನ್ ಎಲ್ಲ ನಮ್ಮ ಅತ್ತಿಗೇದೇ.”

ಅವಳು ನನ್ನ ಮುಖ ನೋಡಿದಳು. ಆಗಲಾದರೂ ಬಾಯಿ ಬಿಡಬಹುದಿತ್ತು. ಹಾಲು ಉಕ್ಕುತ್ತೇನೋ ಎಂದು ನಾನು ಒಳಗೆ ಹೋದೆ. ಒಲೆಯ ಮೇಲೆ ಹಾಲೇ ಇರಲಿಲ್ಲ.

ಅವಳು ಗಿರೀಶನಿಗೆ ಒಂದು ಮಾತೂ ಹೇಳಲಿಲ್ಲ. ಎಳ್ಳಿನ ಪೊಟ್ಟಣ ತೆಗೆದುಕೊಂಡು, ಎಲ್ಲರಿಗೂ ಹೇಳಿ ಹೋದಳು. ಮಾರನೆಯ ದಿನ ತಾನೇ ಬಂದಳು.

“ಹಾಡನ್ನು ವಾಪಸ್ ತಗೊಂಡೆ. ಮೊದಲೇ ಹೊರಗೆ ಬಂದ ಹಾಡು ಅಂತ ಹೇಳಿದೆ. ಅದು ನಿಜ ತಾನೇ?”

ಆಗ ನನ್ನ ಬಾಯಿಂದ ಬಂದ ಮಾತನ್ನು ನೆನೆದರೆ ಇವತ್ತಿಗೂ ಮೈ ಹಿಡಿಯಾಗುತ್ತದೆ. ಕ್ಷಮೆ ಕೇಳಲಿಲ್ಲ ನಾನು. “ಯಾಕೆ ಹೇಳಿದೆ? ಕನ್ನಡದ ವೆಬ್‌ಸೈಟು, ಅಲ್ಲಿ ಯಾರಿಗೆ ಗೊತ್ತಾಗುತ್ತಿತ್ತು?” ಎಂದೆ.

“ನನಗೆ ಗೊತ್ತಲ್ಲ” ಎಂದಳು. “ನಮ್ಮದು ಚಿಕ್ಕ ದೇಶ, ವಸುಧಾ. ನನ್ನಿಂದ ಅದಕ್ಕೆ ಮಾತು ಬರಬಾರದು.”

ಇಷ್ಟೇ. ಬೈಯಲಿಲ್ಲ. ಅವಳ ಚಿಕ್ಕಪ್ಪನ ಮಗಳಿಗೆ ಏನೆಂದು ಹೇಳಿದಳೋ — ನಾನು ಕೇಳಲಿಲ್ಲ.

ಮೇ ತಿಂಗಳ ಯೂರೋವಿಷನ್ ಸಂಜೆಗೆ ನನ್ನನ್ನೂ ಪ್ರಕಾಶನನ್ನೂ ಮನೆಗೆ ಕರೆದಳು. ಹೋಗಲು ನನಗೆ ಮುಖವಿರಲಿಲ್ಲ, ಹೋಗದಿರಲು ಪ್ರಕಾಶನಿಗೆ ಹೇಳುವ ಕಾರಣವೂ ಇರಲಿಲ್ಲ. ನಮ್ಮ ಬೇಕರಿಯ ಪಫ್ಸಿನಂಥ, ಬಟಾಣಿ ತುಂಬಿದ ಪಸ್ಟಿಟ್ಸಿ ಮಾಡಿದ್ದಳು. ಟಿವಿಯ ಮೇಲೆ ಕೆಂಪು-ಬಿಳಿ ಬಾವುಟ. ಅವಳ ಹಾಡು ಹೋಗಬಹುದಾಗಿದ್ದ ಜಾಗದಲ್ಲಿ ಇನ್ಯಾರದೋ ಹಾಡು ಹೋಗಿತ್ತು. ಅದನ್ನು ಹಾಡುವ ಹುಡುಗಿ ಅಷ್ಟು ದೊಡ್ಡ ವೇದಿಕೆಗೆ ಬಂದಾಗ ಲೂಚಿಯಾ ಎದ್ದು ನಿಂತಳು. ಮೂರು ನಿಮಿಷವೂ ನಿಂತೇ ಇದ್ದಳು, ಒಂದು ಪದ ಬಿಡದೆ ಜೊತೆಗೆ ಹಾಡಿದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಮುಖ ತುಂಬ ಹೆಮ್ಮೆ. ನಾನು ಅವಳಲ್ಲಿ ಅಸೂಯೆಯನ್ನು ಹುಡುಕುತ್ತಿದ್ದೆ. ಇದ್ದಿದ್ದರೆ ನನ್ನ ಎದೆ ಸ್ವಲ್ಪ ಹಗುರಾಗುತ್ತಿತ್ತೇನೋ... ಸಿಗಲಿಲ್ಲ. ಮತ ಹಾಕುವ ಹೊತ್ತಾದಾಗ ಫೋನನ್ನು ನನ್ನ ಕೈಗಿತ್ತು, “ನಾನು ಹಾಕಿದೆ. ಈಗ ನೀನು” ಎಂದಳು. ಹಾಕಿದೆ. ಮಾಲ್ಟಾ ಗೆಲ್ಲಲಿಲ್ಲ. ಗೆದ್ದ ದೇಶಕ್ಕೂ ಅವಳು ಮನಸಾರೆ ಚಪ್ಪಾಳೆ ತಟ್ಟಿದಳು.

ಮರುವರ್ಷ ಲೂಚಿಯಾ ತನ್ನ ಊರಿಗೆ ಹಿಂತಿರುಗಿದಳು. ನಾನು ಇಲ್ಲೇ ಉಳಿದೆ, ಆ ಹಾಡಿನ ಜೊತೆ ನನ್ನ ಹೆಸರೂ ಉಳಿಯಿತು. ಗಿರೀಶನಿಗಾಗಲಿ ಪ್ರಕಾಶನಿಗಾಗಲಿ ಹೋದ ವಾರದವರೆಗೂ ಇದ್ಯಾವುದೂ ಗೊತ್ತಿರಲಿಲ್ಲ. ಅವರಿಬ್ಬರಿಗೂ ಹೇಳಿದ ಮೇಲೆ ಲೂಚಿಯಾಳಿಗೆ ಫೋನ್ ಮಾಡಿದೆ. ಕ್ಷಮೆ ಕೇಳಿದೆ, ಈ ಪುಸ್ತಕಕ್ಕೆ ಎಲ್ಲವನ್ನೂ ಬರೆಯುತ್ತಿದ್ದೇನೆ ಎಂದೂ ಹೇಳಿದೆ. ಅವಳು ಪರವಾಗಿಲ್ಲ ಎನ್ನಲಿಲ್ಲ.

“ಈಗಲೂ ಹಾಡುತ್ತಾರಾ ಅದನ್ನು?” ಎಂದಳು.

“ಪ್ರತಿವರ್ಷ. ಮಕ್ಕಳೂ ಹಾಡುತ್ತಾರೆ.”

“ಅದರಲ್ಲಿ ಏನಿದೆ? ನಾನು ಯಾವತ್ತೂ ಕೇಳಲೇ ಇಲ್ಲ.”

ಒಂದೊಂದೇ ಸಾಲಿನ ಅರ್ಥ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. ತನ್ನದು ದೋಣಿಯ ಹಾಡಾಗಿತ್ತು, ಒಂದು ದ್ವೀಪದಿಂದ ಇನ್ನೊಂದಕ್ಕೆ ಸಂಜೆ ದಾಟಿಸುವ ದೋಣಿ, ಎಂದಳು. ಆಮೇಲೆ, “ಪುಸ್ತಕದಲ್ಲಿ ನನ್ನ ಹೆಸರು ಹಾಕು. ಪೂರ್ತಿ ಹೆಸರು. ಲೂಚಿಯಾ ಬೊನ್ನಿಚಿ” ಎಂದಳು.

ಹಾಕಿದ್ದೇನೆ. ಈ ರಾಜ್ಯೋತ್ಸವದಲ್ಲಿ ಹಾಡಲು ಬೇರೆ ಯಾರಾದರೂ ಮುಂದೆ ಬನ್ನಿ, ನಾನು ಕಲಿಸುತ್ತೇನೆ. ಮೈಕಿನ ಮುಂದೆ ಆ ಹೆಸರು ಹೇಳುವುದಕ್ಕೆ ಮಾತ್ರ ನಾನು ನಿಲ್ಲುತ್ತೇನೆ.