ಆಲೆಮನೆಯಲ್ಲಿ ಬೆಂದ ನಂಬರ್ ಒನ್

ಆಲೆಮನೆಯ ಕಂಬಕ್ಕೆ ಒರಗಿಸಿಟ್ಟಿದ್ದ ಬಾಟಲಿಯನ್ನು ಮಜ್ಜಿಗೆ ಅಂದುಕೊಂಡು ಬಾಯಿಗೆ ಎತ್ತಿದ್ದೆ. ನಡು ಬಿಸಿಲು, ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು, ನನ್ನ ಗಂಟಲು ಒಣಗಿತ್ತು. ಮುಚ್ಚಳ ತೆಗೆದೊಡನೆ ಬಂದ ವಾಸನೆ ಮಜ್ಜಿಗೆಯದಲ್ಲ.

"ಮುಟ್ಬ್ಯಾಡ ಕಣಕ್ಕ, ಅದು ನನ್ನ ಉಗುಳು" ಎಂದ ನನ್ನ ತಮ್ಮ, ಒಲೆಯ ಪಕ್ಕದಿಂದ.

ಬಾಟಲಿಯನ್ನು ಎಸೆದು ಬಚ್ಚಲಿಗೆ ಓಡಿದೆ. ಈಗಲೂ ಆ ಅಳತೆಯ ಬಾಟಲಿ ಕಂಡರೆ ನನಗೆ ವಾಕರಿಕೆ ಬರುತ್ತದೆ. ಒಬ್ಬ ಮನುಷ್ಯ ಬೆಳಗಿನಿಂದ ಕೂತು ಬಾಟಲಿ ತುಂಬ ಉಗುಳುವುದು, ಅದೂ ತಿನ್ನುವ ಬೆಲ್ಲ ಕಾಯಿಸುವ ಜಾಗದಲ್ಲಿ. ಥೂ!

ಬೆಸಗರಹಳ್ಳಿಗೆ ಹೋಗುವ ದಾರಿಯಲ್ಲಿರುವ ಆ ಆಲೆಮನೆ ನಮ್ಮಪ್ಪ ಕಟ್ಟಿದ್ದು. ಅಪ್ಪ ತೀರಿಕೊಂಡ ಮೇಲೆ ಅದನ್ನು ನಡೆಸುತ್ತಿರುವವಳು ನಾನು. ತಮ್ಮ ನನಗಿಂತ ತೀರಾ ಚಿಕ್ಕವನು, ನಾನೇ ಸೊಂಟದ ಮೇಲೆ ಹೊತ್ತು ಬೆಳೆಸಿದ ಕೂಸು. ಭಾರತೀನಗರದ ಕಾಲೇಜಿಗೆ ಹೋಗುವಾಗ ಅವನಿಗೆ ಈ ಕೇಜ್ ಫೈಟಿನ ಹುಚ್ಚು ಹತ್ತಿತು. ಕುಸ್ತಿ, ಬಾಕ್ಸಿಂಗು, ಒದೆತ, ಎಲ್ಲ ಕಲಸಿದ ಹೊಡೆದಾಟ ಅದು. ಸುತ್ತ ತಂತಿಬಲೆ ಕಟ್ಟಿ ಇಬ್ಬರನ್ನು ಒಳಗೆ ಬಿಡುತ್ತಾರೆ. ಮದ್ದೂರಿನಲ್ಲಿ ಒಂದು ಗೊಬ್ಬರದ ಅಂಗಡಿಯ ಮಹಡಿಯ ಮೇಲೆ ಅವನು ಕಲಿಯುತ್ತಿದ್ದ ಜಿಮ್ಮು. ಅಲ್ಲಿಯ ಗೋಡೆಯಲ್ಲಿ ತೂಕಕ್ಕೊಂದು ಸಾಲು ಮಾಡಿ ಫೋಟೋ ಅಂಟಿಸಿ ಯಾರು ಒಂದನೆಯವನು, ಯಾರು ಎರಡನೆಯವನು ಎಂದು ಬರೆದಿದ್ದರು. ಅರವತ್ತಾರು ಕೆಜಿಯ ಸಾಲಿನಲ್ಲಿ ನಮ್ಮವನದು ಮೂರನೆಯ ಫೋಟೋ.

ಆ ಮೂರನೆಯ ಜಾಗದ ಮೇಲೆ ನನಗೆ ಬಹಳ ಅಭಿಮಾನವಿತ್ತು. ತನ್ನಷ್ಟೇ ಗಟ್ಟಿಗರ ಜೊತೆ ಬಿದ್ದು, ಎದ್ದು, ಮೂಗು ಮುಖ ಊದಿಸಿಕೊಂಡು ಗಳಿಸಿದ್ದು ಅದು. ಅವನಿಗೆ ಮಾತ್ರ ಸಾಲದು.

ಸಂಜೆ ಹೊತ್ತು ಅವನ ಸ್ನೇಹಿತರು ನಮ್ಮ ರಚ್ಚಿನ ಮೆದೆಯ ಮೇಲೆ, ಅಂದರೆ ಒಣಗಲು ಹಾಕಿದ ಕಬ್ಬಿನ ಸಿಪ್ಪೆಯ ಮೇಲೆ, ಕೂತು ಯಾವ ಯಾವ ದೇಶದ ಫೈಟರುಗಳನ್ನೋ ತೂಗುತ್ತಿದ್ದರು. ಈ ತೂಕದಲ್ಲಿ ಯಾರು ಹೆಚ್ಚು ಆಳಿದ, ಆ ತೂಕದಲ್ಲಿ ಯಾರು. ಇಂಥವನು ಸೋತೇ ಇಲ್ಲ ಅಂತ ಒಬ್ಬನ ವಾದ. ಸೋಲದೆ ಏನು, ಅವನು ಹೊಡೆದವರೆಲ್ಲ ಬಡಕಲು ಅಂತ ಇನ್ನೊಬ್ಬನದು. ಜಗಳ ಆಡುತ್ತಾ ನನ್ನ ಬೆಲ್ಲದ ಚೂರನ್ನೆಲ್ಲ ಖಾಲಿ ಮಾಡುತ್ತಿದ್ದರು.

"ಗೆದ್ರೆ ಸಾಲ್ದು ಕಣಕ್ಕ" ಎಂದು ತಮ್ಮ ನನಗೆ ಪಾಠ ಹೇಳಿದ್ದ. "ಎದ್ರಿಗಿರೋನು ಒಂದೇಟೂ ಹೊಡೀಬಾರ್ದು, ಹಂಗೆ ತುಳ್ದು ಗೆಲ್ಬೇಕು. ಆಗ್ಲೇ ಒಂದನೇ ನಂಬ್ರು."

"ಹಂಗೆ ತುಳಿಸ್ಕೊಳ್ಳೋನು ಯಾವನ್ಲಾ ಸಿಕ್ತಾನೆ?" ಎಂದು ಕೇಳಿದ್ದೆ.

ಸಿಗುತ್ತಾರೆ. ಕೆಳಗಿನ ತೂಕಕ್ಕೆ ಇಳಿದರೆ ಸಿಗುತ್ತಾರೆ. ಆ ಬುದ್ಧಿ ಹೇಳಿಕೊಟ್ಟವನು ಜಿಮ್ಮಿನ ಕೋಚು. ಬೆವರಿ, ಉಗುಳಿ ಮೈಯೊಳಗಿನ ನೀರನ್ನೆಲ್ಲ ಬಸಿದು ತೂಕ ನೋಡುವ ದಿನ ಅರವತ್ತೊಂದು ತೋರಿಸಿಬಿಡು. ಮಾರನೆಯ ದಿನದ ಹೊಡೆದಾಟದ ಹೊತ್ತಿಗೆ ಕುಡಿದು ತಿಂದು ಮೊದಲಿನಷ್ಟಾಗು. ಆಮೇಲೆ ನಿಜವಾಗಿ ಅರವತ್ತೊಂದು ತೂಗುವ ಪಾಪದವನನ್ನು ಹಾಕಿ ತುಳಿ. ಎಲ್ಲರೂ ಮಾಡುವುದೇ ಇದು ಅಂದನಂತೆ. ಟಗರಿನ ಕಾಳಗದಲ್ಲೂ ಹಲ್ಲು ನೋಡಿ ವಯಸ್ಸು ತಿಳಿದು ಜೋಡಿ ಕಟ್ಟುತ್ತಾರೆ, ಎರಡು ಹಲ್ಲಿನದಕ್ಕೆ ಎರಡು ಹಲ್ಲಿನದು, ನಾಲ್ಕಕ್ಕೆ ನಾಲ್ಕು. ಟಗರಿಗೆ ತನ್ನ ಹಲ್ಲು ನುಂಗಿಕೊಂಡು ಮರಿಯ ಜೊತೆ ಗುದ್ದಾಡುವ ನಾಚಿಕೆಗೆಟ್ಟ ಬುದ್ಧಿ ಇಲ್ಲ.

ಬೇರೆ ಊರಿನವರು ಇದಕ್ಕೆ ಏನು ಮಾಡುತ್ತಾರೋ ಕಾಣೆ. ನಮ್ಮವನಿಗೆ ಮನೆಯದೇ ಆಲೆಮನೆ ಇತ್ತಲ್ಲ. ಗೊಬ್ಬರದ ಚೀಲದೊಳಗಿನ ಪ್ಲಾಸ್ಟಿಕ್ಕನ್ನು ಕತ್ತರಿಸಿ ಅಂಗಿಯ ಹಾಗೆ ತೊಟ್ಟು, ಅದರ ಮೇಲೆ ಕಂಬಳಿ ಹೊದ್ದು, ಉರಿಯುವ ಒಲೆಯ ಬಾಯಿಯ ಪಕ್ಕ ಕುಕ್ಕರಗಾಲಲ್ಲಿ ಕೂರುತ್ತಿದ್ದ. ಬೆವರು ಹರಿದು ಪ್ಲಾಸ್ಟಿಕ್ಕಿನ ಅಂಚಿನಿಂದ ಸೋರುತ್ತಿತ್ತು. ಹುಳಿ ಬಂದ ಬಟ್ಟೆಯ ವಾಸನೆ. ಬೆಲ್ಲದ ಘಮದ ನಡುವೆ ಆ ನಾತ. ಆಳುಗಳು ಮುದ್ದೆ ಉಣ್ಣಲು ಕೂತರೆ ಇವನು ತಟ್ಟೆಯನ್ನೇ ನೋಡುತ್ತಾ ಬಾಟಲಿಗೆ ಉಗುಳುತ್ತಿದ್ದ. ಅವರು ತಟ್ಟೆ ಎತ್ತಿಕೊಂಡು ಹೊಂಗೆ ಮರದ ಕಡೆ ಹೊರಟುಬಿಡುತ್ತಿದ್ದರು.

ಹೊಡೆದಾಟ ಮಳವಳ್ಳಿಯ ಒಂದು ಛತ್ರದಲ್ಲಿ. ಗಂಡು ಹೆಣ್ಣು ಕೂರುವ ಜಾಗದಲ್ಲಿ ತಂತಿಬಲೆ ನಿಲ್ಲಿಸಿದ್ದರು, ಹಿಂದಿನ ಮದುವೆಯ ಹೂವಿನ ಕಮಾನು ಇನ್ನೂ ಹಾಗೇ ಇತ್ತು. ನನ್ನ ಪಕ್ಕದ ಕುರ್ಚಿಯಲ್ಲಿ ಕಿರುಗಾವಲು ಕಡೆಯ ಒಬ್ಬ ಹೆಂಗಸು ಮಡಿಲಲ್ಲಿ ಬುತ್ತಿಯ ಬ್ಯಾಗಿಟ್ಟುಕೊಂಡು ಕೂತಿದ್ದಳು. ಎದುರಾಳಿಯ ತಾಯಿ ಅವಳೇ ಎಂದು ಮಾತಿಗೆ ಸಿಕ್ಕಿದ ಮೇಲೆ ತಿಳಿಯಿತು. ನಾನು ಯಾರ ಕಡೆ ಅಂತ ಅವಳೂ ಕೇಳಿದಳು, ಹೇಳಿದೆ. ಮುಖ ಕೆಡಿಸಿಕೊಳ್ಳಲಿಲ್ಲ. "ಇಬ್ರೂ ಒಂದೇ ತೂಕ ಅಂದ್ರಲ್ಲ, ಭಯ ಇಲ್ಲ ಬುಡು" ಎಂದಳು.

ಇಬ್ಬರೂ ಒಳಗೆ ಹೋದರು. ನನ್ನ ತಮ್ಮ ಒಂದು ದಿನದಲ್ಲಿ ಉಬ್ಬಿಕೊಂಡಿದ್ದ. ಅವಳ ಮಗನ ಪಕ್ಕೆಲುಬು ದೂರದಿಂದಲೇ ಕಾಣುತ್ತಿತ್ತು. ಅವನು ಒಂದೇಟೂ ಹೊಡೆಯಲಿಲ್ಲ, ಹೊಡೆಯಲು ಇವನು ಬಿಡಲಿಲ್ಲ. ಕೆಡವಿ, ಎದೆಯ ಮೇಲೆ ಕೂತು, ಮೊಣಕೈಯಿಂದ ಮುಖಕ್ಕೆ ಕುಟ್ಟಿದ. ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಜನ ಸಿಳ್ಳೆ ಹೊಡೆದು "ನಂಬರ್ ಒನ್, ನಂಬರ್ ಒನ್" ಎಂದು ಕೂಗಿದರು.

"ಒಂದೇ ತೂಕ ಅಂದ್ರಲ್ಲ ಕಣಮ್ಮ" ಎಂದಳು ಆ ತಾಯಿ, ನನ್ನ ಕಡೆ ತಿರುಗಿ. ಮತ್ತೆ ಅದನ್ನೇ ಹೇಳಿದಳು. ನನ್ನ ತಮ್ಮ ಬೆವರಿನ ಮೈಯಲ್ಲಿ ಬಂದು ತಬ್ಬಿಕೊಂಡಾಗ ಜೀವನದಲ್ಲಿ ಮೊದಲ ಸಲ ಅವನನ್ನು ಮುಟ್ಟಲು ಹೇಸಿಗೆಯಾಯಿತು.

ಮದ್ದೂರಿನ ಗೋಡೆಯಲ್ಲಿ ಅರವತ್ತೊಂದರ ಸಾಲಿನ ತುದಿಗೆ ಅವನ ಫೋಟೋ ಏರಿತು. ಹಾಳೂರಿಗೆ ಉಳಿದವನೇ ಗೌಡ. ಅಷ್ಟಕ್ಕೆ ಮುಗಿಯಿತು ಅಂದುಕೊಂಡಿದ್ದೆ. ಕೋಚಿಗೆ ಇನ್ನೂ ರುಚಿ ಹತ್ತಿತ್ತು. ಐವತ್ತೇಳಕ್ಕೆ ಇಳಿದರೆ ಅಲ್ಲಿ ಕೇಳುವವರೇ ಇಲ್ಲ, ಎರಡು ತೂಕದ ರಾಜ ಆಗುತ್ತೀಯ ಅಂದ. ತಮ್ಮ ಮತ್ತೆ ಕಂಬಳಿ ಹೊದ್ದು ಒಲೆಗೆ ಬಂದ.

ಈ ಸಲ ಅವನ ಬೆವರು ಬೇಗ ನಿಂತುಹೋಯಿತು. ಚರ್ಮ ಒಣಗಿ ಬಿಳುಪೇರಿತ್ತು, ತುಟಿ ಒಡೆದಿತ್ತು. ಉಚ್ಚೆ ಕಾಫಿ ಬಣ್ಣಕ್ಕೆ ತಿರುಗಿದೆ ಅಂತ ಅವನೇ ಹೇಳಿದ, ಅದೂ ಹೆಮ್ಮೆಯಿಂದ. "ಆಸ್ಪತ್ರೆಗೆ ನಡಿಯಲಾ" ಅಂದೆ. "ಇನ್ನೊಂಚೂರು ಇಳೀಲಿ, ಉರಿ ಜಾಸ್ತಿ ಮಾಡಕ್ಕ" ಅಂದ.

ಕೊಪ್ಪರಿಗೆಯಲ್ಲಿ ಪಾಕ ಅರ್ಧಕ್ಕೆ ಬಂದಿತ್ತು. ಈ ಹೊತ್ತಿನಲ್ಲಿ ಉರಿ ಆರಿಸಿದರೆ ಬೆಲ್ಲ ಅಚ್ಚಿಗೆ ಕೂರುವುದಿಲ್ಲ, ಅಷ್ಟೂ ಹಾಳು ಎಂದು ಯಾರೂ ನನಗೆ ಹೇಳಿಕೊಡಬೇಕಾಗಿರಲಿಲ್ಲ. ಪಂಪಿನ ಪೈಪು ಎಳೆದು ತಂದು ಒಲೆಯ ಬಾಯಿಗೆ ನೀರು ಬಿಟ್ಟೆ. ಬುಸ್ಸೆಂದು ಹಬೆ ಎದ್ದಿತು, ಬೂದಿ ಹಾರಿತು. ಉರಿ ಹಾಕುವ ಆಳು "ಪಾಕ ಹೋಯ್ತು ಕಣವ್ವಾ!" ಎಂದು ಕಿರುಚಿದ. ಹೋಗಲಿ ಎಂದು ಪೂರ್ತಿ ಆರುವವರೆಗೆ ಬಿಟ್ಟೆ.

ತಮ್ಮ ಎದ್ದು ಬಂದ. ಬಾಯಿಗೆ ಬಂದ ಹಾಗೆ ಬೈದ. ಆಮೇಲೆ ನನ್ನ ಮೇಲೆ ಕೈ ಎತ್ತಿದ. ನಮ್ಮ ಮನೆಯಲ್ಲಿ ಅಕ್ಕನ ಮೇಲೆ ಯಾರೂ ಕೈ ಎತ್ತಿದವರಿಲ್ಲ. ಆ ಕೈ ಎದೆಯ ಮಟ್ಟಕ್ಕೆ ಬಂದು ಬಲ ಸಾಲದೆ ಅಲ್ಲೇ ನಿಂತಿತು, ಮೇಲೆ ಹೋಗಲಿಲ್ಲ. ನಾನು ಮಣಿಕಟ್ಟು ಹಿಡಿದೆ. ಬಿಡಿಸಿಕೊಳ್ಳಲು ನೋಡಿದ, ಆಗಲಿಲ್ಲ.

"ಇದೇನ್ಲಾ ನಿನ್ನ ನಂಬರ್ ಒನ್ನು?"

ಮುಖ ಹಿಂಡಿಕೊಂಡ. ಚಿಕ್ಕಂದಿನಲ್ಲಿ ಅಳುವಾಗ ಹೇಗೆ ಹಿಂಡುತ್ತಿದ್ದನೋ ಹಾಗೇ. ಬಾಯಿ ತೆರೆಯಿತು, ಭುಜ ಕುಲುಕಿತು, ಕಣ್ಣಿನಿಂದ ಒಂದು ಹನಿಯೂ ಬರಲಿಲ್ಲ. ಅಳುವುದಕ್ಕೆ ಬೇಕಾದಷ್ಟು ನೀರೂ ಅವನಲ್ಲಿ ಉಳಿದಿರಲಿಲ್ಲ.

ಅಲ್ಲೇ ಕೂರಿಸಿದೆ. ಗಾಣದಿಂದ ಕಬ್ಬಿನ ಹಾಲು ಹಿಡಿದು ತಂದು ತುಟಿಗೆ ಇಟ್ಟೆ. ಒಂದು ಗುಟುಕು ಬಾಯಿಗೆ ತೆಗೆದುಕೊಂಡ. ಬಾಯಿ ಮುಕ್ಕಳಿಸಿ ಅಭ್ಯಾಸ ಬಲದಿಂದ ಪಕ್ಕಕ್ಕೆ ಕೈ ಚಾಚಿ ಬಾಟಲಿ ಹುಡುಕಿದ.

ಬಾಟಲಿಯನ್ನು ಕಾಲಿನಿಂದ ದೂರ ಒದ್ದೆ. "ನುಂಗ್ಲಾ" ಅಂದೆ.

ಕೆನ್ನೆ ಉಬ್ಬಿಸಿಕೊಂಡು ಬಹಳ ಹೊತ್ತು ನನ್ನನ್ನೇ ನೋಡಿದ. ಆಮೇಲೆ ಅವನ ಗಂಟಲು ಮೇಲೆ ಹೋಗಿ ಕೆಳಗೆ ಬಂತು.