ಕಲ್ಲೆಲೆಗೆ ಹೆಸರಿಡುವವರು

ಶಾಲೆ ಬಿಟ್ಟೊಡನೆ ಪುಂಡಲೀಕ ಶೆಣೈ ಮಾಸ್ತರರು ಕಾಸರಗೋಡು ರೈಲು ಸ್ಟೇಶನಿನ ಕಲ್ಲಿದ್ದಲ ರಾಶಿಗೆ ಓಡುವುದನ್ನು ಕಂಡರೆ, ಹೆಂಡತಿ ಮನೋರಮಾಳಿಗೆ ಗಂಡ ಸವತಿಯ ಮನೆಗೆ ಹೊರಟಷ್ಟೇ ಹೊಟ್ಟೆ ಉರಿಯುತ್ತಿತ್ತು. ಹಡಗಿನಲ್ಲಿ ಬಂದ ಸೀಮೆಯ ಕಲ್ಲಿದ್ದಲಿನ ನಡುವೆ ಕಲ್ಲಾದ ಎಲೆಗಳಿರುತ್ತಿದ್ದವು. ಮನುಷ್ಯನೇ ಹುಟ್ಟದ ಕಾಲದಲ್ಲಿ ತೆಂಗನ್ನೂ ಮೀರಿ ಬೆಳೆದ, ಹಾವಸೆಯ ದೂರದ ನೆಂಟರಾದ ಮರಗಳು, ಬೀಜದ ಬದಲು ಸಂತಾನದ ಹುಡಿಯನ್ನು ಹೊರುತ್ತಿದ್ದುದು ಈ ಎಲೆಗಳ ಮೇಲಂತೆ. ಮಾಸ್ತರರು ಅವನ್ನು ಕೂಸಿನ ಮೈಯಂತೆ ಒರೆಸಿ, ಭೂತಗನ್ನಡಿ ಹಿಡಿದು, "ಇವಳು ಉದ್ದ ಮೂಗಿನವಳು, ಇವಳ ಬುಡ ಅಗಲ" ಎಂದು ಜಾತಿ ವಿಂಗಡಿಸಿ ಒಂದೊಂದಕ್ಕೂ ಹೆಸರಿಡುವರು. ಗಂಜಿ ಆರಿ ಕಲ್ಲಾದರೂ ಏಳರು. ಹೆಂಡತಿಯನ್ನು ಕರೆಯುವುದು ಮಾತ್ರ "ಹೋಯ್" ಎಂದು. ಒಂದು ಸಂಜೆ, "ಹೋಯ್, ಈ ಎಲೆಗೆ ನಾನಿಟ್ಟ ಹೆಸರು ಬಿದ್ದುಹೋಯಿತು!" ಎಂದು ಕುಣಿದರು. "ಬೇರೆ ಯಾರೋ ಮೊದಲೇ ಇಟ್ಟದ್ದು ಪುಸ್ತಕದಲ್ಲುಂಟು. ಮೊದಲು ಇಟ್ಟದ್ದೇ ಹೆಸರು. ನ್ಯಾಯ ಅಂದರೆ ನ್ಯಾಯ!" ಮನೋರಮಾ ಚಹಾದ ಲೋಟ ಕುಕ್ಕಿದಳು. "ಇವಳಿಗೆ ತವರಿನ ಹೆಸರು ಸಿಕ್ಕಿತು. ಮದುವೆ ಮಂಟಪದಲ್ಲಿ ಹರಿವಾಣದ ಅಕ್ಕಿಯ ಮೇಲೆ ಉಂಗುರದಿಂದ ನನಗೆ ಹೊಸ ಹೆಸರು ಬರೆದವರು ಯಾರು? ಆಗ ನಿಮ್ಮ ನ್ಯಾಯ ಎಲ್ಲಿತ್ತು ಮಾರಾಯ್ರೇ?" ಭೂತಗನ್ನಡಿ ಮೆಲ್ಲಗೆ ಕೆಳಗಿಳಿಯಿತು. "ಮೊದಲು ಎಂತ ಹೆಸರಿತ್ತು ನಿನಗೆ?" ಎಂದರು ಮಾಸ್ತರರು, ಪಾಪ. "ದಮಯಂತಿ" ಎಂದಳು, ಹೇಳಿ ಎಷ್ಟು ಕಾಲವಾಗಿತ್ತೆಂದರೆ ಯಾರನ್ನೋ ಕರೆದಂತಾಯಿತು. "ದಮಯಂತಿ" ಎಂದು ಮಾಸ್ತರರು ಎಲೆಯ ಹೆಸರು ಹೇಳುವಷ್ಟೇ ಮೃದುವಾಗಿ ಹೇಳಿದರು. ಆ ದನಿ ಕೇಳಿ ಮನೋರಮಾಳಿಗೆ ದಮಯಂತಿಯ ಮೇಲೂ ಹೊಟ್ಟೆಕಿಚ್ಚಾಯಿತು.