ಒಂದೂವರೆ ಅಂಕ

ಕಟಿಂಗ್ ಅಂಗಡಿಯವನಿಗೆ ಬೀದಿಯವರು ಇಟ್ಟ ಹೆಸರು ರೇಡಿಯೋ. ಕಿವಿ ತಿರುಚಿದರೂ ನಿಲ್ಲದ ರೇಡಿಯೋ ಅದು. ಕತ್ತರಿ ಕೈಗೆ ಬಂದರೆ ಸಾಕು, ಬಾಯಿ ತಾನಾಗಿ ಶುರುವಾಗುತ್ತಿತ್ತು. ಬೋಳು ತಲೆಯವರಿಗೂ "ಹಿಂದ್ಗಡೆ ಹೊಸದಾಗಿ ಬರ್ತಾ ಇದೆ ಸಾರ್" ಎಂದು ಹೇಳಿ ಖುಷಿಪಡಿಸಿ ಕಳಿಸುವ ಪುಣ್ಯಾತ್ಮ. ಅವನ ಮಾತಿನಲ್ಲಿ ಎಷ್ಟನ್ನು ನಂಬಬೇಕು, ಎಷ್ಟನ್ನು ಟವೆಲಿನ ಜೊತೆ ಕೊಡವಿ ಬರಬೇಕು ಎನ್ನುವುದು ಗಿರಾಕಿಗಳಿಗೆಲ್ಲ ಗೊತ್ತಿತ್ತು.

ಒಂದೇ ಒಂದು ವಿಷಯದಲ್ಲಿ ಮಾತ್ರ ಅವನ ನಾಲಿಗೆ ನೆಟ್ಟಗಿತ್ತು. ಅದು ಮಗನ ಆಟ. ಮಗ ನಗರದ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಹತ್ತು ವರ್ಷದವನಿದ್ದಾಗಿಂದ ಪ್ರತಿ ಪಂದ್ಯ ಮುಗಿಸಿ ಬಂದು, ಅಂಗಡಿಯ ಖಾಲಿ ಕುರ್ಚಿಯಲ್ಲಿ ಕೂತು, "ಹೆಂಗಿತ್ತಪ್ಪ?" ಎಂದು ಕೇಳುತ್ತಿದ್ದ. ರೇಡಿಯೋ ಕನ್ನಡಿಯಲ್ಲಿ ಅವನ ಮುಖ ನೋಡಿಕೊಂಡೇ ಹೇಳುತ್ತಿದ್ದ: "ಎರಡನೇ ಗೋಲು ನಿಂದೇ ತಪ್ಪು, ಮುಂದೆ ಬರಬಾರದಿತ್ತು." ಹುಡುಗ ಅಳುತ್ತಿದ್ದ, ಆದರೆ ನಂಬುತ್ತಿದ್ದ. ಅಪ್ಪ ಚೆನ್ನಾಗಿತ್ತು ಅಂದ ದಿನ ಅವನಿಗೆ ಬೇರೆ ಯಾರ ಚಪ್ಪಾಳೆಯೂ ಬೇಕಿರಲಿಲ್ಲ.

ಆ ವರ್ಷ ತಂಡ ಮೊದಲ ಸಲ ವಿಮಾನ ಹತ್ತಿ ಪರದೇಶಕ್ಕೆ ಹೋಗಿ ಆಡಿತು. ಎದುರಾಳಿಗಳು ಆನೆ, ನಮ್ಮವರು ಇರುವೆ ಎಂದು ಎಲ್ಲರಿಗೂ ಗೊತ್ತಿತ್ತು. ಟಿವಿಯವರು ಏನೋ ತಾಂತ್ರಿಕ ದೋಷ ಎಂದು ಮೊದಲರ್ಧ ತೋರಿಸಲೇ ಇಲ್ಲ. ಪರದೆಯ ಮೇಲೆ ಬಣ್ಣದ ಪಟ್ಟಿಗಳನ್ನು ನೋಡುತ್ತ ಬೀದಿಯೆಲ್ಲ ಕಾದು ಕೂತಿತು. ದ್ವಿತೀಯಾರ್ಧದಲ್ಲಿ ಚಿತ್ರ ಬಂತು, ಇನ್ನೇನು ಪಂದ್ಯ ಡ್ರಾ ಆಗುತ್ತದೆ ಎನ್ನುವಾಗ ಚೆಂಡು ಮಗನ ಎರಡು ಕಾಲಿನ ನಡುವೆ ನುಸುಳಿ ಒಳಗೆ ಹೋಯಿತು. ಒಂದು-ಸೊನ್ನೆಯಲ್ಲಿ ಸೋಲು. ಬೀದಿ ಕಂಡದ್ದು ಅದೊಂದನ್ನೇ.

ಮರುದಿನ ಇಲ್ಲಿಯ ಪತ್ರಿಕೆಯ ಕ್ರೀಡಾ ವರದಿಗಾರ, ಬೀದಿಯವರ ಹಾಗೇ ಟಿವಿ ಮುಂದೆ ಕೂತು ನೋಡಿದ ಮಹಾಶಯ, ಹುಡುಗನಿಗೆ 'ಜರಡಿ' ಎಂದು ಹೆಸರಿಟ್ಟ. ಆಟಗಾರರಿಗೆ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುವುದು ಆ ಪತ್ರಿಕೆಯ ರೂಢಿ. ಮಗನಿಗೆ ಮೂರು ಕೊಟ್ಟಿದ್ದ. ಹೆಸರು ಸಂಜೆಯೊಳಗೆ ಬೀದಿಗೆಲ್ಲ ಅಂಟಿತು. ಗಿರಾಕಿಗಳು ಅಂಗಡಿಯಲ್ಲಿ ಆ ಮಾತು ಎತ್ತುತ್ತಿರಲಿಲ್ಲ. ಹೊರಗೆ ಹೋಗಿ ನಗುತ್ತಿದ್ದರು. ಕನ್ನಡಿಯಲ್ಲಿ ರೇಡಿಯೋಗೆ ಅದು ಕಾಣುತ್ತಿತ್ತು.

ಮಗ ವಿಮಾನದಿಂದ ಇಳಿದು ಬಂದವನು ರೂಮು ಸೇರಿ ಬಾಗಿಲು ಹಾಕಿಕೊಂಡ. ತಾಯಿ ತಟ್ಟೆ ಹಿಡಿದು ಬಾಗಿಲು ಬಡಿದದ್ದೇ ಬಂತು.

"ಮೊದಲರ್ಧದಲ್ಲಿ ಎಷ್ಟು ತಡೆದೆ ಅಂತ ನಂಗೇ ಲೆಕ್ಕ ಇಲ್ಲಪ್ಪ," ಎಂದ ಕೊನೆಗೆ, ಬಾಗಿಲ ಸಂದಿಯಿಂದ. "ಆದ್ರೆ ತಡೆದಿದ್ದು ನಿಜಾನೋ, ನಾನೇ ಸಮಾಧಾನಕ್ಕೆ ಅಂದ್ಕೊಳ್ತಿದೀನೋ ಗೊತ್ತಾಗ್ತಿಲ್ಲ. ಕಣ್ಣು ಮುಚ್ಚಿದ್ರೆ ಆ ಒಂದೇ ಚೆಂಡು."

"ಇಡೀ ಮ್ಯಾಚ್ ನೋಡಿದೋರು ಅಲ್ಲಿಯವರು ತಾನೆ? ಅವರು ಏನಂತಾರೆ ನೋಡೋಣ. ಇಲ್ಲಿಯವರಿಗೆ ಹಿತ್ತಲ ಗಿಡ ಮದ್ದಲ್ಲ."

"ಅವರೂ ಹಂಗೇ ಬರ್ದಿದ್ರೆ ನಾನು ಆಟ ಬಿಡ್ತೀನಿ. ನೀನೇ ನೋಡಿ ಹೇಳು. ನೀನು ಹೇಳಿದ್ರೆ ನಂಬ್ತೀನಿ."

ಮೂರನೇ ದಿನ ಇಲ್ಲಿಯ ಪತ್ರಿಕೆಯಲ್ಲಿ 'ಹೊರಗಿನವರು ಕಂಡಂತೆ' ಎಂದು ಒಂದು ಅಂಕಣ ಬಂತು. ಒಂದು ದೇಶದವರು 'ಛಲದ ಆಟ' ಅಂದಿದ್ದರಂತೆ, ಇನ್ನೊಂದು ದೇಶದವರು 'ಸೋತರೂ ತಲೆ ಎತ್ತಿ ಹೋದರು' ಅಂದಿದ್ದರಂತೆ. ತಂಡಕ್ಕೆಲ್ಲ ಹಂಚಿದ ಹೊಗಳಿಕೆಯಲ್ಲಿ ಗೋಲ್‌ಕೀಪರನ ಪಾಲಿಗೆ ಒಂದಕ್ಷರವೂ ಬಂದಿರಲಿಲ್ಲ. ಪಂದ್ಯ ನಡೆದ ಊರಿನ ಪತ್ರಿಕೆಯ ಮಾತೇ ಅದರಲ್ಲಿರಲಿಲ್ಲ.

ಆ ಊರಿನ ಪತ್ರಿಕೆಯನ್ನು ತಂದವನು ರೇಡಿಯೋನ ಭಾವಮೈದುನ. ದೊಡ್ಡ ಹೋಟೆಲಿನಲ್ಲಿ ರೂಮು ಗುಡಿಸಿ ಹಾಸಿಗೆ ಸರಿಮಾಡುವ ಕೆಲಸ ಅವನದು. ಪರದೇಶದ ಗಿರಾಕಿ ಬಿಟ್ಟುಹೋದ ಪತ್ರಿಕೆಯನ್ನು ಅಂಗಿಯೊಳಗೆ ಸೇರಿಸಿಕೊಂಡು ಮಧ್ಯಾಹ್ನ ಅಂಗಡಿಗೆ ಬಂದ. ಅಕ್ಷರಗಳು ಇಂಗ್ಲಿಷಿನವೇ, ಭಾಷೆ ಮಾತ್ರ ಬೇರೆ, ಇಬ್ಬರಿಗೂ ಒಂದು ಪದ ತಿಳಿಯದು. ಆದರೆ ಪುಟದ ಕೆಳಗೆ ಎರಡೂ ತಂಡದ ಹೆಸರುಗಳಿದ್ದವು, ಪ್ರತಿ ಹೆಸರಿನ ಮುಂದೆ ಒಂದು ಅಂಕಿ. ಮೈದುನ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದ. ನಮ್ಮ ಮುಂಚೂಣಿ ಆಟಗಾರನಿಗೆ ಐದು. ಗೋಲು ಹೊಡೆದವನನ್ನು ತಡೆಯದೆ ನೋಡುತ್ತ ನಿಂತಿದ್ದ ನಮ್ಮ ಡಿಫೆಂಡರ್‌ಗೆ ನಾಲ್ಕೂವರೆ. ಮಗನ ಹೆಸರಿನ ಮುಂದೆ ಒಂದು, ಒಂದು ಕಾಮಾ, ಆಮೇಲೆ ಐದು.

"ಹದಿನೈದಾ?" ಎಂದ ರೇಡಿಯೋ. ಅವನ ದನಿಯಲ್ಲಿದ್ದ ಆಸೆ ಕೇಳಿದರೆ ಕಲ್ಲೂ ಕರಗಬೇಕು.

"ಅಲ್ಲ ಭಾವ. ಅವರು ಚುಕ್ಕಿ ಬದಲು ಕಾಮಾ ಹಾಕ್ತಾರೆ. ಹೋಟೆಲ್ ಬಿಲ್ಲಲ್ಲಿ ದಿನಾ ನೋಡ್ತೀನಲ್ಲ. ಒಂದೂವರೆ. ಎರಡೂ ಟೀಮಲ್ಲಿ ಎಲ್ಲರಿಗಿಂತ ಕಡಿಮೆ."

ಅಷ್ಟು ತಿಳಿದಿದ್ದ ಮೈದುನನಿಗೆ ಇನ್ನೊಂದಿಷ್ಟು ತಿಳಿದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನಿದ್ದೆ ಹೊಡೆದ ಡಿಫೆಂಡರ್‌ಗೆ ನಾಲ್ಕೂವರೆ ಬಂದದ್ದು ಹೇಗೆ ಎಂದು ಕೇಳುವ ಬುದ್ಧಿ ಇಬ್ಬರಿಗೂ ಬರಲಿಲ್ಲ. ನಮ್ಮ ಜರಡಿ ಪತ್ರಿಕೆಯವನೇ ಮೂರು ಕೊಟ್ಟಿದ್ದ, ಇವರು ಅದರಲ್ಲೂ ಅರ್ಧ ಕಿತ್ತುಕೊಂಡರಲ್ಲ ಎಂದು ರೇಡಿಯೋ ಕುಸಿದು ಕೂತ. ಮೈದುನ ಹೋದ ಮೇಲೆ ಪತ್ರಿಕೆಯನ್ನು ಬಿಸಿನೀರಿನ ಒಲೆಗೆ ಹಾಕಿದ. ಪೂರ್ತಿ ಬೂದಿಯಾಗುವವರೆಗೆ ಕಡ್ಡಿಯಲ್ಲಿ ಕೆದಕಿದ.

ಮನೆಗೆ ಹೋಗಿ ಬಾಗಿಲು ತಟ್ಟಿದ. "ಬಂತು ಕಣೋ ಪೇಪರು. ಆ ಊರಿಂದೇ. ಎರಡೂ ಟೀಮಿನಲ್ಲಿ ನೀನೇ ಎಲ್ಲರಿಗಿಂತ ಮೇಲು ಅಂತ ಬರ್ದಿದಾರೆ."

ಬಾಗಿಲು ತೆರೆಯಿತು. ಮಗ ಅಪ್ಪನ ಮುಖವನ್ನೇ ನೋಡಿದ. ಆಟದ ವಿಷಯದಲ್ಲಿ ಈ ಬಾಯಿ ಎಂದೂ ಸುಳ್ಳಾಡಿದ್ದಿಲ್ಲ. ಹೊರಗೆ ಬಂದು ಕೂತು ಊಟ ಮಾಡಿದ, ಎರಡು ಸಲ ಬಡಿಸಿಕೊಂಡ. ತಾಯಿ ಅಡುಗೆಮನೆಯಲ್ಲಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಪೇಪರ್ ಎಲ್ಲಿ ಎಂದದ್ದಕ್ಕೆ, ಗಿರಾಕಿಯದು, ನಿನ್ನ ಮಾವ ವಾಪಸ್ ಒಯ್ದ ಎಂದ ರೇಡಿಯೋ. ಹೆತ್ತ ಕರುಳು ಹೇಳಿಸಿದ ಮಾತು. ಆದರೆ ಮೈದುನನಿಗೆ ಒಂದು ಮಾತು ತಿಳಿಸಿಡಬೇಕೆಂಬುದು ಅವನಿಗೆ ಹೊಳೆಯಲಿಲ್ಲ.

ಮಗ ಕೈ ತೊಳೆದವನೇ ಸೈಕಲ್ ಹತ್ತಿ ಹೋಟೆಲಿಗೆ ಹೋದ, ಕಣ್ಣಾರೆ ನೋಡಿ ಬರೋಣ ಎಂದು. ಹಿಂಬಾಗಿಲಲ್ಲಿ ಬೆಡ್‌ಶೀಟ್ ಎಣಿಸುತ್ತಿದ್ದ ಮಾವ ಅವನನ್ನು ನೋಡಿ ಮರುಗಿದ. "ಬೇಜಾರ್ ಮಾಡ್ಕೋಬೇಡ ಮರಿ. ಒಂದೂವರೆ ಕೊಟ್ರೆ ಏನಾಯ್ತು, ಪೇಪರ್‌ನೋರಿಗೇನು ಗೊತ್ತು? ಆ ಪೇಪರು ನಿಮ್ಮಪ್ಪನ ಹತ್ರಾನೇ ಇದೆ, ಹರಿದು ಬಿಸಾಕು."

ಮಗ ಮನೆಗೆ ಬಂದು ಕೂಗಾಡಲಿಲ್ಲ. ಕೂಗಾಡಿದ್ದರೆ ರೇಡಿಯೋ ಬದುಕಿಕೊಳ್ಳುತ್ತಿದ್ದ. "ಅಷ್ಟು ಕೆಟ್ಟದಾಗಿತ್ತಾ ಅಪ್ಪ?" ಎಂದಷ್ಟೇ ಕೇಳಿದ. "ನೀನೇ ಸುಳ್ಳು ಹೇಳೋ ಅಷ್ಟು?"

ಅವತ್ತಿನಿಂದ ಮಗ ಪ್ರಾಕ್ಟೀಸಿಗೆ ಹೋಗಲಿಲ್ಲ. ತರಬೇತುದಾರ ಎರಡು ಸಲ ಮನೆ ಬಾಗಿಲಿಗೆ ಬಂದು, "ಮೊದಲರ್ಧ ಇವನಿಂದಲೇ ಉಳಿದಿದ್ದು" ಅಂದರೆ, ಅದೂ ಅಪ್ಪ ಹೇಳಿಕೊಟ್ಟ ಮಾತು ಎಂದುಕೊಂಡ. ಮಳೆಗಾಲ ಬರುವಷ್ಟರಲ್ಲಿ ತಂಡ ಬೇರೊಬ್ಬ ಗೋಲ್‌ಕೀಪರನನ್ನು ಹುಡುಕಿಕೊಂಡಿತು. ಮಗ ಐಸ್ ಫ್ಯಾಕ್ಟರಿಯಲ್ಲಿ ಗಡ್ಡೆ ಎತ್ತುವ ಕೆಲಸಕ್ಕೆ ಸೇರಿದ. ರೇಡಿಯೋ ಅಂಗಡಿಯಲ್ಲಿ ಮಾತಾಡುವುದನ್ನು ಕಡಿಮೆ ಮಾಡಿದ. ಕೆಲವು ಗಿರಾಕಿಗಳು ಅದಕ್ಕೇ ಬೇರೆ ಅಂಗಡಿಗೆ ಹೋದರು.

ಒಂದು ಬೆಳಿಗ್ಗೆ, ಬೀದಿಗೆ ಹೊಸದಾಗಿ ಬಂದ ಯಜಮಾನರೊಬ್ಬರು ಗಡ್ಡ ತೆಗೆಸಲು ಕೂತರು. ಮಗ ಪಂದ್ಯ ಆಡಿ ಬಂದ ಆ ದೇಶದಲ್ಲೇ ಬಹಳ ವರ್ಷ ಕಾರ್ಖಾನೆಯಲ್ಲಿ ದುಡಿದು, ನಿವೃತ್ತರಾಗಿ ಬಂದವರು. ಮೊಮ್ಮಗಳು ಅಲ್ಲಿ ಗಣಿತದಲ್ಲಿ ಒಂದು ತೆಗೆದಿದ್ದಾಳೆ ಎಂದು ಹೆಮ್ಮೆಯಿಂದ ಹೇಳಿದರು.

"ಒಂದಾ?" ಎಂದ ರೇಡಿಯೋ, ಪಾಪ ಎನ್ನುವಂತೆ.

"ಅಲ್ಲಿ ಎಲ್ಲಾ ಉಲ್ಟಾ ಕಣಯ್ಯಾ. ಒಂದು ಅಂದ್ರೆ ಮೊದಲನೇ ದರ್ಜೆ, ಆರು ಅಂದ್ರೆ ನಪಾಸು. ಶಾಲೆಯಲ್ಲಿ ಹೇಗೋ, ಪೇಪರಲ್ಲಿ ಆಟಗಾರರಿಗೂ ಹಾಗೇ ಕೊಡೋದು."

ಕತ್ತಿ ಹಿಡಿದ ಕೈ ನಿಂತಿತು. ರೇಡಿಯೋ ಆ ಮಾತನ್ನು ಮೂರು ಸಲ ಹೇಳಿಸಿದ. ಆಮೇಲೆ ಯಜಮಾನರ ಅರ್ಧ ಗಡ್ಡದ ನೊರೆಯನ್ನು ಹಾಗೇ ಒರೆಸಿ, ಅವರ ಕೈ ಹಿಡಿದುಕೊಂಡು, ಅಂಗಡಿ ತೆರೆದಿಟ್ಟೇ ಐಸ್ ಫ್ಯಾಕ್ಟರಿಗೆ ಓಡಿದ.

ಮಗ ಗೇಟಿನ ಒಳಗೆ ಲಾರಿಗೆ ಗಡ್ಡೆ ತುಂಬಿಸುತ್ತಿದ್ದ. ಕೈಯಲ್ಲಿ ಗೋಲ್‌ಕೀಪರನ ಗ್ಲೌಸು, ಅದರ ಬೆರಳುಗಳು ಹರಿದಿದ್ದವು. ರೇಡಿಯೋ ಏದುಸಿರು ಬಿಡುತ್ತ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಯಜಮಾನರು ಹೌದಪ್ಪಾ, ಹೌದು ಎಂದು ತಲೆಯಾಡಿಸಿದರು.

"ಪೇಪರ್ ಎಲ್ಲಿ?" ಎಂದ ಮಗ.

"ಸುಟ್ಟೆ."

"ಅವತ್ತೂ ಇದನ್ನೇ ಹೇಳಿದ್ದೆ ಅಪ್ಪ. ನಾನೇ ಎಲ್ಲರಿಗಿಂತ ಮೇಲು ಅಂತ."

"ಅವತ್ತು ಸುಳ್ಳು ಅಂದ್ಕೊಂಡು ಹೇಳ್ದೆ ಕಣೋ. ಅದು ನಿಜಾನೇ ಆಗಿತ್ತು."

ಮಗ ಯಜಮಾನರ ಅರ್ಧ ಬೋಳಿಸಿದ ಗಡ್ಡವನ್ನು ನೋಡಿದ. ಇವರಿಗೆ ಎಷ್ಟು ತಿಂಗಳು ಬಿಟ್ಟಿ ಶೇವಿಂಗ್ ಎಂದು ಮಾತಾಗಿದೆಯೋ ಎಂದು ಯೋಚಿಸಿದ್ದು ಅವನ ಮುಖದಲ್ಲೇ ಕಾಣುತ್ತಿತ್ತು. ಆದರೆ ಕೇಳಲಿಲ್ಲ. ಸಿಟ್ಟೂ ಬರಲಿಲ್ಲ. ಬಂದದ್ದು ಕನಿಕರ.

ಮಗ ಗ್ಲೌಸು ತೆಗೆದು, ಒದ್ದೆ ಕೈಯಲ್ಲೇ ಅಪ್ಪನ ತೋಳು ಹಿಡಿದು ಗೇಟಿನವರೆಗೆ ನಡೆಸಿದ.

"ಯಜಮಾನ್ರೇ," ಎಂದ ಮೆಲ್ಲಗೆ, "ದಯವಿಟ್ಟು ಇವರನ್ನ ಅಂಗಡಿ ತನಕ ಬಿಟ್ಟುಬಿಡಿ. ನನಗೋಸ್ಕರ ಇನ್ನೂ ಏನೇನೋ ಹೇಳ್ತಾರೆ, ಹೂಂ ಅಂತಿರಿ."